ಪ್ರಕಾಶಕರು ಅಂಗಡಿ ಮುಚ್ಚಿದ ಮೇಲೆ: ಐವತ್ತರ ಆಸುಪಾಸಿನ ಕಾದಂಬರಿಗಾರ್ತಿಗೆ ಒಂದು ಮಾರ್ಗದರ್ಶಿ

"ಮೇಡಂ, ಗೋಡೌನ್ ಖಾಲಿ ಮಾಡ್ತಾ ಇದ್ದೀವಿ. ನಿಮ್ಮ ಪುಸ್ತಕ ಒಂದು ನಾನ್ನೂರು ಕಾಪಿ ಇದೆ. ನಿಮಗೆ ಬೇಕಾ, ಇಲ್ಲಾ ರದ್ದಿಗೆ ಹಾಕ್ಲಾ?"

ನನ್ನ ಪ್ರಕಾಶಕರ ಮಗ ಫೋನಿನಲ್ಲಿ ಕೇಳಿದ್ದು ಇಷ್ಟೇ. ಅವರ ತಂದೆ ತೀರಿಕೊಂಡು ಎಂಟು ತಿಂಗಳಾಗಿತ್ತು. ಮಗನಿಗೆ ಬೇರೆ ಉದ್ಯೋಗ ಇತ್ತು, ಪುಸ್ತಕದ ವ್ಯವಹಾರ ಬೇಡವಾಗಿತ್ತು. ಅದರಲ್ಲಿ ಅವನ ತಪ್ಪೇನೂ ಇಲ್ಲ. ನನಗಾಗ 51 ವರ್ಷ. ಐದು ಕಾದಂಬರಿ ಬರೆದಿದ್ದೆ, ಐದನ್ನೂ ತಂದವರು ಅವರೇ. ಶಿರಸಿಯಿಂದ ಹಸ್ತಪ್ರತಿ ಕಳಿಸಿದರೆ ನನ್ನ ಕೆಲಸ ಮುಗೀತು ಅಂದುಕೊಂಡೇ ಹದಿನೇಳು ವರ್ಷ ಕಳೆದಿದ್ದೆ. ಮುಖಪುಟ, ಕಾಗದ, ಅಂಗಡಿ, ಲೆಕ್ಕ ಎಲ್ಲ ಅವರೇ ನೋಡಿಕೊಳ್ಳುತ್ತಿದ್ದರು. ಫೋನ್ ಇಟ್ಟ ಮೇಲೆ ಗೊತ್ತಾಯಿತು, ನನ್ನ ಪುಸ್ತಕಗಳ ಬಗ್ಗೆ ನನಗೇ ಏನೂ ತಿಳಿದಿರಲಿಲ್ಲ.

ಆಮೇಲೆ ಇದೇ ಕಷ್ಟದಲ್ಲಿದ್ದ ಇನ್ನೂ ಮೂರ್ನಾಲ್ಕು ಲೇಖಕಿಯರು ಮಾತಿಗೆ ಸಿಕ್ಕರು. ಎಲ್ಲರೂ ಮೊದಲು ಕೇಳುತ್ತಿದ್ದದ್ದು ಒಂದೇ: "ಇನ್ನು ನನ್ನ ಮುಂದಿನ ಕಾದಂಬರಿ ಯಾರು ತರ್ತಾರೆ?" ಈ ಪ್ರಶ್ನೆಯನ್ನು ಆರು ತಿಂಗಳು ಪಕ್ಕಕ್ಕಿಡಿ ಅಂತ ನಾನು ಹೇಳುತ್ತೇನೆ. ಅದಕ್ಕಿಂತ ಮೊದಲು, ಇಷ್ಟು ವರ್ಷ ಬರೆದದ್ದೆಲ್ಲ ಈಗ ಎಲ್ಲಿದೆ, ಯಾರ ಕೈಯಲ್ಲಿದೆ ಅಂತ ನೋಡಿ. ಅದನ್ನು ವಾಪಸು ತಂದುಕೊಂಡರೆ ಮುಂದಿನದನ್ನು ಯೋಚಿಸಲು ಕಾಲ ಕೆಳಗೆ ನೆಲ ಇರುತ್ತದೆ.

ಪ್ರತಿಗಳನ್ನು ರದ್ದಿಗೆ ಬಿಡಬೇಡಿ

ಮೊದಲ ಫೋನಿನಲ್ಲೇ "ಬೇಕು" ಅನ್ನಿ. ದುಡ್ಡಿನ ಮಾತು ನಾಳೆ ಆಡಬಹುದು. ಗೋಡೌನಿನ ಬಾಡಿಗೆ ತಪ್ಪಿಸಿಕೊಳ್ಳುವ ಅವಸರದಲ್ಲಿ ಇರುವವರು ಒಂದು ವಾರ ಕಾಯುವುದಿಲ್ಲ. ರದ್ದಿಗೆ ಹಾಕಿದರೆ ಅವರಿಗೆ ಸಿಗುವುದು ಕಿಲೋ ಲೆಕ್ಕದ ಹಣ. ಹಾಗಾಗಿ ಕಡಿಮೆ ಬೆಲೆಗೆ ಕೊಡಲು ಒಪ್ಪುತ್ತಾರೆ. ನಿಮಗೆ ಬರಬೇಕಾದ ಗೌರವಧನ (ರಾಯಲ್ಟಿ) ಬಾಕಿ ಇದ್ದರೆ ಅದಕ್ಕೆ ಪ್ರತಿಗಳನ್ನೇ ವಜಾ ಹಾಕಿಕೊಳ್ಳಬಹುದು. ನಾನು ಹಾಗೇ ಮಾಡಿದೆ. ಎರಡೂ ಕಡೆಯವರಿಗೆ ಹಗುರವಾಯಿತು.

ಪೆಟ್ಟಿಗೆಗಳು ಬಂದ ದಿನವೇ ಎಣಿಸಿ. ಯಾವ ಕಾದಂಬರಿ ಎಷ್ಟು, ಯಾವ ಮುದ್ರಣದ್ದು, ಎಷ್ಟು ಕೆಟ್ಟಿದೆ ಅಂತ ಬರೆದಿಡಿ. ಪ್ರತಿಯೊಂದರಲ್ಲೂ ಹತ್ತು ಒಳ್ಳೆಯ ಪ್ರತಿ ಬೇರೆ ತೆಗೆದಿಟ್ಟು, ಅವನ್ನು ಯಾವ ಕಾರಣಕ್ಕೂ ಮಾರಬೇಡಿ. ಮುಂದೆ ಅನುವಾದಕರಿಗೆ ಕೊಡಲು, ಸ್ಕ್ಯಾನ್ ಮಾಡಲು, ಬಹುಮಾನಕ್ಕೆ ಕಳಿಸಲು ಬೇಕಾಗುತ್ತವೆ. ಮಲೆನಾಡು, ಕರಾವಳಿಯವರು ಪೆಟ್ಟಿಗೆಗಳನ್ನು ನೆಲಕ್ಕೆ ತಾಗಿಸದೆ ಹಲಗೆಯ ಮೇಲೆ, ಗೋಡೆಯಿಂದ ಒಂದು ಗೇಣು ದೂರ ಇಡಿ. ನಾನು ಮೊದಲ ಮಳೆಗಾಲದಲ್ಲಿ ಪ್ಲಾಸ್ಟಿಕ್ ಸುತ್ತಿ ಬಿಗಿಯಾಗಿ ಕಟ್ಟಿಟ್ಟೆ. ಒಳಗೇ ಬೆವರಿ ಮೂವತ್ತು ಪ್ರತಿಗೆ ಬೂಷ್ಟು ಹಿಡಿಯಿತು. ಗಾಳಿ ಆಡಬೇಕು.

ಹಕ್ಕು ಯಾರದು?

ಈ ಭಾಗವನ್ನು ನಿಧಾನವಾಗಿ ಓದಿ. ಹೆದರಿಕೆ ಜಾಸ್ತಿ ಇರುವುದು ಇಲ್ಲೇ, ನಿಮಗೆ ಬಲ ಇರುವುದೂ ಇಲ್ಲೇ.

ನಮ್ಮಲ್ಲಿ ಎಷ್ಟೋ ಪುಸ್ತಕಗಳು ಬಾಯಿಮಾತಿನ ಮೇಲೆ ಅಚ್ಚಾಗಿವೆ. "ಕಳಿಸಿಕೊಡಿ ಅಕ್ಕ, ತರೋಣ" ಅಂದರೆ ಅದೇ ಒಪ್ಪಂದ. ಆದರೆ 1957ರ ಕೃತಿಸ್ವಾಮ್ಯ ಕಾಯ್ದೆಯ 19ನೇ ಕಲಮಿನ ಪ್ರಕಾರ, ಲೇಖಕರು ಸಹಿ ಹಾಕಿದ ಬರಹ ಇಲ್ಲದೆ ಹಕ್ಕಿನ ವರ್ಗಾವಣೆ ಊರ್ಜಿತ ಆಗುವುದಿಲ್ಲ. ಅಂದರೆ ನೀವು ಯಾವ ಕಾಗದಕ್ಕೂ ಸಹಿ ಹಾಕಿಲ್ಲದಿದ್ದರೆ ಕಾದಂಬರಿ ನಿಮ್ಮದಾಗಿಯೇ ಉಳಿದಿದೆ. ಪುಸ್ತಕದ ಎರಡನೇ ಪುಟದಲ್ಲಿ ಪ್ರತಿಗಳ ಸಂಖ್ಯೆ, ಬಳಸಿದ ಕಾಗದ, ಬೆಲೆ ಎಲ್ಲ ಬರೆದಿರುತ್ತಾರಲ್ಲ, ಅಲ್ಲಿ "ಹಕ್ಕುಗಳು" ಅನ್ನುವ ಸಾಲನ್ನು ನೋಡಿ. "ಲೇಖಕಿಯವು" ಎಂದಿದ್ದರೆ ಇನ್ನೂ ಒಳ್ಳೆಯದು. "ಪ್ರಕಾಶಕರವು" ಎಂದಿದ್ದರೆ ಅಷ್ಟಕ್ಕೇ ಹಕ್ಕು ಕೈಬಿಟ್ಟು ಹೋಗಲಿಲ್ಲ. ನೀವು ಸಹಿ ಮಾಡಿದ ಕಾಗದ ಇದೆಯೇ ಅಂತ ಹುಡುಕಿ.

ಒಪ್ಪಂದ ಇದ್ದರೆ ಅದರಲ್ಲಿ ಎಷ್ಟು ವರ್ಷ ಅಂತ ಬರೆದಿದೆಯೇ ನೋಡಿ. ಅವಧಿ ಬರೆದಿಲ್ಲದಿದ್ದರೆ ಕಾಯ್ದೆ ಅದನ್ನು ಐದು ವರ್ಷ ಎಂದೇ ಎಣಿಸುತ್ತದೆ. ಯಾವ ಪ್ರದೇಶಕ್ಕೆ ಅಂತ ಇಲ್ಲದಿದ್ದರೆ ಭಾರತಕ್ಕೆ ಮಾತ್ರ. ಇನ್ನೊಂದು ಸಂಗತಿ ತುಂಬಾ ಜನಕ್ಕೆ ಗೊತ್ತಿಲ್ಲ. ಹಕ್ಕು ಪಡೆದವರು ಒಂದು ವರ್ಷದೊಳಗೆ ಅದನ್ನು ಬಳಸದಿದ್ದರೆ, ಒಪ್ಪಂದ ಬೇರೆ ಏನೂ ಹೇಳದಿದ್ದರೆ, ಬಳಸದ ಆ ಹಕ್ಕು ನಿಮಗೆ ಮರಳುತ್ತದೆ. ಅನುವಾದದ ಹಕ್ಕು, ಸಿನಿಮಾದ ಹಕ್ಕು ಬರೆಸಿಕೊಂಡು ಸುಮ್ನೆ ಇಟ್ಟುಕೊಂಡಿದ್ದರೆ ಇದು ಉಪಯೋಗಕ್ಕೆ ಬರುತ್ತದೆ. ಕೃತಿಸ್ವಾಮ್ಯ ಲೇಖಕರ ಜೀವಮಾನ ಮತ್ತು ಆಮೇಲೆ 60 ವರ್ಷ ಇರುತ್ತದೆ. ಇಷ್ಟು ದೀರ್ಘ ಆಸ್ತಿಗೆ ಒಂದು ಸಲ ವಕೀಲರ ಶುಲ್ಕ ಕೊಟ್ಟು ಕಾಗದ ತೋರಿಸುವುದು ದುಂದುವೆಚ್ಚ ಅಲ್ಲ.

ಎಲ್ಲವೂ ನಿಮ್ಮ ಪರವಾಗಿದ್ದರೂ ಒಂದು ಪತ್ರ ಮಾಡಿಸಿಕೊಳ್ಳಿ. ಹೊಸ ಪ್ರಕಾಶಕರು, ಇ-ಪುಸ್ತಕದವರು ಮೊದಲು ಕೇಳುವುದು ಅದನ್ನೇ. ನಾನು ಬರೆಸಿದ್ದು ಹೀಗಿತ್ತು:

"ನಮ್ಮ ಪ್ರಕಾಶನದಿಂದ ಪ್ರಕಟವಾದ ಈ ಕೆಳಗಿನ ಐದು ಕೃತಿಗಳ ಪ್ರಕಟಣೆಯನ್ನು ನಿಲ್ಲಿಸಿದ್ದೇವೆ. ಮರುಮುದ್ರಣ, ಇ-ಪುಸ್ತಕ, ಆಡಿಯೊ, ಅನುವಾದ, ನಾಟಕ, ಸಿನಿಮಾ ಸೇರಿ ಎಲ್ಲ ಹಕ್ಕುಗಳೂ ಲೇಖಕಿಯವು. ಉಳಿದ ಪ್ರತಿಗಳನ್ನು ಅವರಿಗೆ ಒಪ್ಪಿಸಿದ್ದೇವೆ. ಪುಟವಿನ್ಯಾಸದ ಕಡತಗಳನ್ನು ಅವರು ಬಳಸಿಕೊಳ್ಳಲು ನಮ್ಮ ಅಡ್ಡಿ ಇಲ್ಲ."

ಪ್ರಕಾಶಕರು ತೀರಿಹೋಗಿದ್ದರೆ ಸಂಸ್ಥೆ ಯಾರ ಹೆಸರಿಗಿತ್ತು ಅಂತ ಕೇಳಿ, ವಾರಸುದಾರರಿಂದಲೇ ಸಹಿ ಮಾಡಿಸಿ. ದುಃಖದಲ್ಲಿರುವ ಮನೆಗೆ ಮೊದಲ ತಿಂಗಳಲ್ಲೇ ಕಾಗದ ಹಿಡಿದು ಹೋಗಬೇಡಿ. ಹಾಗಂತ ಎರಡು ವರ್ಷ ಬಿಡಲೂ ಬೇಡಿ. ಮನೆ ಮಾರುತ್ತಾರೆ, ಊರು ಬಿಡುತ್ತಾರೆ, ಫೋನ್ ನಂಬರ್ ಬದಲಾಗುತ್ತದೆ.

ಮುಖಪುಟದ ಚಿತ್ರ ಕಲಾವಿದರದ್ದು, ಮುನ್ನುಡಿ ಅದನ್ನು ಬರೆದವರದ್ದು. ಮತ್ತೆ ಬಳಸುವ ಮುಂಚೆ ಅವರನ್ನು ಕೇಳಿ. ನಾನು ಕೇಳಿದಾಗ ನನ್ನ ಮೂರನೇ ಕಾದಂಬರಿಯ ಕಲಾವಿದರು ಮೂಲ ಚಿತ್ರವನ್ನೇ ಕೊಟ್ಟುಬಿಟ್ಟರು. ಈಗ ಅದು ನನ್ನ ಮೇಜಿನ ಎದುರಿಗಿದೆ.

ಕಡತ ಹುಡುಕುವ ಕೆಲಸ

ಹಳೆಯ ಕಾದಂಬರಿಗಳ ಪುಟವಿನ್ಯಾಸ ಆ ಕಾಲದ ತಂತ್ರಾಂಶ ಪೇಜ್‌ಮೇಕರ್‌ನಲ್ಲಿ, ನುಡಿ ಅಥವಾ ಶ್ರೀಲಿಪಿ ಅನ್ನುವ ಕನ್ನಡ ತಂತ್ರಾಂಶಗಳ ಅಕ್ಷರಗಳಲ್ಲಿ ಆಗಿರುವ ಸಾಧ್ಯತೆ ಹೆಚ್ಚು. ಅದು ಪ್ರಕಾಶಕರ ಬಳಿ ಇರುವುದಿಲ್ಲ. ಡಿಟಿಪಿ ಮಾಡಿದವರ ಹಳೇ ಕಂಪ್ಯೂಟರಿನಲ್ಲಿ ಇರುತ್ತದೆ. ಪುಸ್ತಕದ ಎರಡನೇ ಪುಟದಲ್ಲಿ ಅಕ್ಷರ ಜೋಡಣೆ ಯಾರದ್ದು ಅಂತ ಹೆಸರಿರುತ್ತದೆ, ಅಲ್ಲಿಂದ ಶುರು ಮಾಡಿ. ಪಿಡಿಎಫ್ ಮಾತ್ರ ಕೊಟ್ಟರೆ ಸಾಲದು, ಮೂಲ ಕಡತವನ್ನೂ ಕೇಳಿ. ಎರಡನ್ನೂ ಎರಡು ಕಡೆ ಉಳಿಸಿಡಿ.

ಹಳೆಯ ಅಕ್ಷರಗಳನ್ನು ಎಲ್ಲ ಕಂಪ್ಯೂಟರು, ಫೋನುಗಳಲ್ಲೂ ಓದಲು ಬರುವ ಯೂನಿಕೋಡ್‌ಗೆ ಪರಿವರ್ತಿಸಿದರೆ ಮಾತ್ರ ಇ-ಪುಸ್ತಕ ಆಗುತ್ತದೆ, ಹುಡುಕಿದರೆ ಸಿಗುತ್ತದೆ. ಪರಿವರ್ತಕ ತಂತ್ರಾಂಶಗಳು ಉಚಿತವಾಗಿ ಸಿಗುತ್ತವೆ. ಆದರೆ ಪರಿವರ್ತನೆಯಾದ ತಕ್ಷಣ ಮುದ್ರಣಕ್ಕೆ ಕೊಡಬೇಡಿ. ಅರ್ಕಾವೊತ್ತು ಇದ್ದಲ್ಲಿ ಕನ್ನಡದ ಒಂಬತ್ತು ಕೂತಿರುತ್ತದೆ. ಅನುಸ್ವಾರದ ಜಾಗದಲ್ಲಿ ಸೊನ್ನೆ ಬಂದಿರುತ್ತದೆ. ನೋಡಲು ಒಂದೇ ಥರ, ಕಣ್ಣಿಗೆ ಬೀಳುವುದಿಲ್ಲ. ಒತ್ತಕ್ಷರಗಳು ಅಲ್ಲಲ್ಲಿ ಬೇರ್ಪಟ್ಟಿರುತ್ತವೆ. ಕಂಪ್ಯೂಟರಿನಲ್ಲಿ ಅಂಕಿ ೦ ಮತ್ತು ೯ ಹುಡುಕಿ ಒಂದೊಂದಾಗಿ ಸರಿಮಾಡಿ, ಆಮೇಲೆ ಇಡೀ ಕಾದಂಬರಿಯನ್ನು ಗಟ್ಟಿಯಾಗಿ ಓದಿ ಕರಡು ತಿದ್ದಿ.

ಕಡತವೇ ಸಿಗದಿದ್ದರೆ ಪುಸ್ತಕವನ್ನು ಸ್ಕ್ಯಾನ್ ಮಾಡಿ ಗೂಗಲ್ ಡ್ರೈವ್‌ಗೆ ಹಾಕಿ, ಗೂಗಲ್ ಡಾಕ್ಸ್‌ನಲ್ಲಿ ತೆರೆಯಿರಿ. ಕನ್ನಡ ಅಕ್ಷರ ಸುಮಾರಾಗಿ ಚೆನ್ನಾಗಿಯೇ ಬರುತ್ತದೆ. ತಿದ್ದುವ ಕೆಲಸ ಇರುತ್ತದೆ. ಆದರೂ 240 ಪುಟ ಮತ್ತೆ ಟೈಪ್ ಮಾಡುವುದಕ್ಕಿಂತ ವಾಸಿ.

ನಿಮ್ಮ ಕಾದಂಬರಿಗಳನ್ನು ನೀವೇ ಓದಿ

ಕರಡು ತಿದ್ದುವಾಗ ನಾನು ಹದಿನೇಳು ವರ್ಷದಲ್ಲಿ ಮೊದಲ ಸಲ ನನ್ನ ಐದೂ ಕಾದಂಬರಿಗಳನ್ನು ಸಾಲಾಗಿ ಓದಿದೆ. ಇಡೀ ಪ್ರಯಾಣದಲ್ಲಿ ನನಗೆ ಹೆಚ್ಚು ಕಲಿಸಿದ್ದು ಈ ಎರಡು ತಿಂಗಳು.

ಮೊದಲ ಎರಡು ಕಾದಂಬರಿಯಲ್ಲಿ ಹವ್ಯಕರ ಮನೆಯ ಅಡುಗೆಕೋಣೆ, ಅಡಿಕೆ ಸುಲಿಯುವ ರಾತ್ರಿಗಳು, ವಿಧವೆ ಅತ್ತೆಯರ ಮಾತು ಇದ್ದವು. ನಾಲ್ಕನೆಯದು ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯ ಕಥೆ. ಅದನ್ನು "ಈಗ ಇಂಥದ್ದು ಓಡುತ್ತೆ" ಅಂತ ಯಾರೋ ಹೇಳಿದ್ದಕ್ಕೆ ಬರೆದಿದ್ದೆ. ಓದುವಾಗ ಮೂರನೇ ಅಧ್ಯಾಯದಲ್ಲೇ ಗೊತ್ತಾಯಿತು, ಅಲ್ಲಿ ನಾನು ಇರಲಿಲ್ಲ. ಅತ್ತುಬಿಟ್ಟೆ. ಆಮೇಲೆ ಸಮಾಧಾನವೂ ಆಯಿತು. ಮತ್ತೆ ಯಾವುದನ್ನು ಅಚ್ಚು ಹಾಕಬೇಕು, ಮುಂದೆ ಏನು ಬರೆಯಬೇಕು ಎರಡಕ್ಕೂ ಉತ್ತರ ಸಿಕ್ಕಿತ್ತು.

ಓದುವಾಗ ಪೆನ್ಸಿಲ್ ಹಿಡಿದು ಗುರುತು ಮಾಡಿ. ಯಾವ ಪುಟ ಇವತ್ತಿಗೂ ಜೀವಂತ, ಯಾವುದು ಬೇರೆಯವರಿಗಾಗಿ ಬರೆದದ್ದು ಅಂತ. ಓದುಗರ ಹಳೆಯ ಪತ್ರಗಳಿದ್ದರೆ ಅವನ್ನೂ ಪಕ್ಕದಲ್ಲಿಟ್ಟುಕೊಳ್ಳಿ. ನನಗೆ ಬಂದ ಅರವತ್ತು ಪತ್ರಗಳಲ್ಲಿ ನಲವತ್ತಕ್ಕೂ ಜಾಸ್ತಿ ಎರಡನೇ ಕಾದಂಬರಿಯ ಬಗ್ಗೆ ಇದ್ದವು. ಆ ಕಾದಂಬರಿ ಎಂಟು ವರ್ಷದಿಂದ ಅಂಗಡಿಯಲ್ಲಿ ಸಿಗುತ್ತಿರಲಿಲ್ಲ.

ವಯಸ್ಸಿನ ಮಾತು ಬಂದೇ ಬರುತ್ತದೆ. ಎಂ. ಕೆ. ಇಂದಿರಾ ಕಾದಂಬರಿ ಬರೆಯಲು ಶುರು ಮಾಡಿದ್ದೇ ನಲವತ್ತೈದರ ಹೊತ್ತಿಗೆ. ಮೊದಲ ಕಾದಂಬರಿ ಬಂದದ್ದು 1963ರಲ್ಲಿ. ಹೆಚ್ಚು ಹೆಸರಾದ 'ಫಣಿಯಮ್ಮ' ಬಂದದ್ದು 1976ರಲ್ಲಿ, ಅವರಿಗೆ ಐವತ್ತೊಂಬತ್ತಾಗಿದ್ದಾಗ. ಹೊಸ ಲೇಖಕರ ಪ್ರೋತ್ಸಾಹಧನಗಳಿಗೆ ವಯೋಮಿತಿ ಇರುತ್ತದೆ, ನಿಜ. ಓದುಗರು ವಯಸ್ಸು ಕೇಳಿ ಪುಸ್ತಕ ಕೊಳ್ಳುವುದಿಲ್ಲ.

ದುಡ್ಡಿನ ಲೆಕ್ಕ

ಲೆಕ್ಕ ಮಾಡದೆ ನಿರ್ಧಾರ ಮಾಡಬೇಡಿ. ಕನ್ನಡದಲ್ಲಿ ಗೌರವಧನ ಸಾಮಾನ್ಯವಾಗಿ ಮುಖಬೆಲೆಯ ನೂರಕ್ಕೆ 10. ಬೆಲೆ 250 ರೂಪಾಯಿ ಆದರೆ ಒಂದು ಪ್ರತಿಗೆ 25. ಸಾವಿರ ಪ್ರತಿ ಪೂರ್ತಿ ಮಾರಿದರೆ 25,000. ಮೂರು ವರ್ಷ ಬರೆದ ಕಾದಂಬರಿಗೆ ಇಷ್ಟು. ಮನೆ ನಡೆಸಲು ಕಾದಂಬರಿ ಸಾಲದು, ಅದನ್ನು ಒಪ್ಪಿಕೊಂಡೇ ಯೋಜನೆ ಹಾಕಿ. ಅನುವಾದ, ಕರಡು ತಿದ್ದುವುದು, ಪಠ್ಯ ಸಂಪಾದನೆ, ಆಡಿಯೊ ಪುಸ್ತಕ ಓದುವುದು ಇವೆಲ್ಲ ಬರೆಯುವವರಿಗೆ ಒಗ್ಗುವ ಕೆಲಸಗಳೇ. ನಾನು ತಿಂಗಳಲ್ಲಿ ಹತ್ತು ದಿನ ಕರಡು ತಿದ್ದುತ್ತೇನೆ.

ನೀವೇ ಮುದ್ರಿಸಿದರೆ? ಲೆಕ್ಕದ ಅನುಕೂಲಕ್ಕೆ ಒಂದು ಪ್ರತಿಗೆ 100 ರೂಪಾಯಿ ಬಿತ್ತು ಅಂತಿಟ್ಟುಕೊಳ್ಳಿ. 500 ಪ್ರತಿಗೆ 50,000. ಅದೇ 250ರ ಬೆಲೆಯಲ್ಲಿ ಅಂಗಡಿಯವರು ನೂರಕ್ಕೆ 40 ರಿಯಾಯಿತಿ ಕೇಳಿದರೆ ನಿಮ್ಮ ಕೈಗೆ ಬರುವುದು ಪ್ರತಿಗೆ 150. ಹಾಕಿದ ಹಣ ವಾಪಸು ಬರಲು 334 ಪ್ರತಿ ಮಾರಬೇಕು. ಓದುಗರಿಗೆ ನೇರವಾಗಿ ಪೂರ್ತಿ ಬೆಲೆಗೆ ಮಾರಿದರೆ 200 ಪ್ರತಿ ಸಾಕು. ಹಾಗಾಗಿ ಸ್ವಂತ ಪ್ರಕಾಶನಕ್ಕೆ ಕೈಹಾಕುವ ಮುಂಚೆ, ಖಂಡಿತ ಕೊಳ್ಳುವ ನೂರು ಜನರ ಹೆಸರು ಒಂದು ಹಾಳೆಯಲ್ಲಿ ಬರೆಯಲು ಆಗುತ್ತದೆಯೇ ನೋಡಿ. ನನಗೆ ಮೊದಲ ಸಲ ಅರವತ್ತೆರಡು ಹೆಸರು ಸಿಕ್ಕವು. ನೂರಾಗುವ ತನಕ ಐದು ತಿಂಗಳು ಕಾದೆ.

ತೆರಿಗೆಯ ಮಾತು ಚಿಕ್ಕದು. 1961ರ ಆದಾಯ ತೆರಿಗೆ ಕಾಯ್ದೆಯ ಹಳೆಯ ಪದ್ಧತಿಯಲ್ಲಿ, 80ಕ್ಯೂಕ್ಯೂಬಿ ಕಲಮಿನಡಿ ಪುಸ್ತಕದ ಗೌರವಧನಕ್ಕೆ ವರ್ಷಕ್ಕೆ 3 ಲಕ್ಷದವರೆಗೆ ವಿನಾಯಿತಿ ಇಟ್ಟಿದ್ದರು. ನಿಮ್ಮ ಲೆಕ್ಕಪತ್ರ ನೋಡುವವರಿಗೆ ಇದನ್ನು ನೆನಪಿಸಿ.

ದಾರಿಗಳು, ನನ್ನ ಅಭಿಪ್ರಾಯದ ಜೊತೆಗೆ

ಹೊಸ ಪ್ರಕಾಶಕರ ಬಳಿ ಹೋಗುವುದಾದರೆ ಹೊಸ ಹಸ್ತಪ್ರತಿಯನ್ನೇ ಮುಂದಿಡಿ, ಹಳೆಯದರ ಮರುಮುದ್ರಣ ಎರಡನೇ ಮಾತಾಗಿರಲಿ. ಹೋಗುವ ಮುಂಚೆ ಅವರು ತಂದ ನಾಲ್ಕೈದು ಪುಸ್ತಕ ಕೊಂಡು ಓದಿ. ಕರಡು ಹೇಗೆ ತಿದ್ದಿದ್ದಾರೆ ಅಂತ ನೋಡಿದರೆ ಅವರಿಗೆ ಪುಸ್ತಕದ ಮೇಲೆ ಎಷ್ಟು ಪ್ರೀತಿ ಅಂತ ತಿಳಿಯುತ್ತದೆ. "ಮುನ್ನೂರು ಪ್ರತಿ ನೀವೇ ಕೊಳ್ಳಬೇಕು" ಅಂದರೆ ಅಲ್ಲಿಂದ ಎದ್ದು ಬನ್ನಿ. ಆ ಹಣಕ್ಕೆ ನೀವೇ ಮುದ್ರಿಸಬಹುದು, ಹಕ್ಕೂ ನಿಮ್ಮಲ್ಲೇ ಉಳಿಯುತ್ತದೆ. ಒಪ್ಪಂದ ಆದರೆ ಅವಧಿ, ಪ್ರತಿಗಳ ಸಂಖ್ಯೆ, ಲೆಕ್ಕ ಕೊಡುವ ತಿಂಗಳು, ಪ್ರತಿ ಮುಗಿದ ಮೇಲೆ ಎಷ್ಟು ದಿನದಲ್ಲಿ ಮರುಮುದ್ರಣ ಅನ್ನುವುದು ಬರಹದಲ್ಲಿರಲಿ. ಇ-ಪುಸ್ತಕ, ಆಡಿಯೊ, ಅನುವಾದ, ಸಿನಿಮಾ ಒಂದೊಂದನ್ನೂ ಬೇರೆ ಬೇರೆ ಬರೆಸಿ.

ಧಾರಾವಾಹಿ ನನಗೆ ಇಷ್ಟದ ದಾರಿ. ವಾರಪತ್ರಿಕೆಯಲ್ಲಿ ಬಂದರೆ ಹಳ್ಳಿಯ ಮನೆಗಳಿಗೂ ಹೆಸರು ಮುಟ್ಟುತ್ತದೆ. ಪತ್ರಿಕೆಗೆ ಕೊಡುವುದು ಮೊದಲು ಪ್ರಕಟಿಸುವ ಹಕ್ಕು ಮಾತ್ರ ಅಂತ ಪತ್ರದಲ್ಲೇ ಬರೆಯಿರಿ. ಪ್ರತಿಲಿಪಿ ಅನ್ನುವ ಆನ್‌ಲೈನ್ ವೇದಿಕೆಯಲ್ಲಿ ಕಂತು ಕಂತಾಗಿ ಹಾಕಿದರೆ ಓದುಗರ ಮಾತು ಅದೇ ದಿನ ಕೇಳಿಸುತ್ತದೆ. ಆದರೆ ಪ್ರತಿ ಕಂತಿನ ಕೊನೆಗೆ ಕುತೂಹಲ ಬೇಡುವ ಜಾಗ ಅದು, ನಿಧಾನದ ಕಾದಂಬರಿಗೆ ಒಗ್ಗುವುದಿಲ್ಲ. ಇ-ಪುಸ್ತಕ, ಆಡಿಯೊ ಎರಡಕ್ಕೂ ಮೈಲ್ಯಾಂಗ್‌ನಂಥ ಕನ್ನಡದ್ದೇ ವೇದಿಕೆ ಇದೆ. ದೂರದೇಶದಲ್ಲಿರುವ ಕನ್ನಡಿಗರಿಗೆ ಅಂಚೆ ವೆಚ್ಚ ಇಲ್ಲದೆ ಪುಸ್ತಕ ಮುಟ್ಟುತ್ತದೆ.

ಅನುವಾದವನ್ನು ಕನಸಿನ ಮಾತು ಅಂತ ತಳ್ಳಿಹಾಕಬೇಡಿ. 2025ರಲ್ಲಿ ಬಾನು ಮುಷ್ತಾಕ್ ಅವರಿಗೆ ಅಂತರರಾಷ್ಟ್ರೀಯ ಬುಕರ್ ಬಂದಾಗ, ದೀಪಾ ಭಾಸ್ತಿ ಇಂಗ್ಲಿಷಿಗೆ ಅನುವಾದಿಸಿದ್ದ ಅವರ ಹನ್ನೆರಡು ಕಥೆಗಳು 1990ರಿಂದ 2023ರ ನಡುವೆ ಬರೆದವು. ಹಳೆಯ ಬರಹ ಯಾವಾಗ ಯಾರ ಕೈಗೆ ಸಿಗುತ್ತದೋ ಗೊತ್ತಿಲ್ಲ. ಸಿಕ್ಕಾಗ "ಹಕ್ಕು ಯಾರ ಹತ್ತಿರ ಇದೆಯೋ" ಅಂತ ಹುಡುಕುವ ಹಾಗಿರಬಾರದು. ಅದಕ್ಕೇ ಆ ಪತ್ರದ ಬಗ್ಗೆ ನಾನು ಅಷ್ಟು ಹೊತ್ತು ಮಾತಾಡಿದ್ದು.

ಇನ್ನು ಸ್ವಂತ ಪ್ರಕಾಶನ. ನಂಜನಗೂಡು ತಿರುಮಲಾಂಬಾ ನೂರು ವರ್ಷಕ್ಕೂ ಹಿಂದೆ 'ಸತೀಹಿತೈಷಿಣೀ ಗ್ರಂಥಮಾಲೆ' ಕಟ್ಟಿ ತಮ್ಮ ಪುಸ್ತಕಗಳನ್ನು ತಾವೇ ತಂದರು. ಧಾರವಾಡದಲ್ಲಿ ಜಿ. ಬಿ. ಜೋಶಿಯವರು 1933ರಲ್ಲಿ ಶುರು ಮಾಡಿದ ಮನೋಹರ ಗ್ರಂಥಮಾಲೆ ಚಂದಾದಾರರ ಬಲದಿಂದ ಬೆಳೆಯಿತು. ಓದುಗರು ಮೊದಲೇ ಹಣ ಕಟ್ಟುತ್ತಿದ್ದರು, ಪುಸ್ತಕ ಆಮೇಲೆ ಮನೆಗೆ ಬರುತ್ತಿತ್ತು. ನಾನೂ ಅದನ್ನೇ ಹಿಡಿದೆ. ನೂರು ಜನಕ್ಕೆ ವಾಟ್ಸ್ಆ್ಯಪ್‌ನಲ್ಲಿ ಬರೆದೆ, ಮೊದಲೇ ಕೊಡುವವರಿಗೆ 250ರ ಪುಸ್ತಕ 200ಕ್ಕೆ ಅಂದೆ. ಎಂಬತ್ತಮೂರು ಜನ ಕಳಿಸಿದರು.

ಮುದ್ರಣಕ್ಕೆ ಹೋಗುವಾಗ ಪುಟಗಳನ್ನು 16ರ ಲೆಕ್ಕಕ್ಕೆ ತನ್ನಿ, ಒಂದು ಫಾರಂ ಅಂದರೆ 16 ಪುಟ. 240 ಪುಟಕ್ಕೆ 15 ಫಾರಂ ಸರಿಯಾಗುತ್ತದೆ. 243 ಆದರೆ ಮೂರು ಪುಟಕ್ಕಾಗಿ ಇನ್ನೊಂದು ಫಾರಂ. ಅಧ್ಯಾಯಗಳ ನಡುವಿನ ಖಾಲಿ ಜಾಗ ಸ್ವಲ್ಪ ಕಡಿಮೆ ಮಾಡಿದರೆ ಮುಗಿಯಿತು. ಡೆಮಿ 1/8 ಅನ್ನುವ ಪುಟದ ಅಳತೆ, ಚದರ ಮೀಟರಿಗೆ 70 ಗ್ರಾಂ ತೂಗುವ (70 ಜಿಎಸ್‌ಎಂ) ಮ್ಯಾಪ್ಲಿಥೋ ಕಾಗದ ಕಾದಂಬರಿಗೆ ಚೆನ್ನ. ಪುಸ್ತಕದ ಗುರುತಿನ ಸಂಖ್ಯೆಯಾದ ಐಎಸ್‌ಬಿಎನ್‌ಗೆ ದುಡ್ಡು ಕೊಡಬೇಡಿ, ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಸಂಸ್ಥೆ ಅದನ್ನು ಉಚಿತವಾಗಿ ಕೊಡುತ್ತದೆ. ಹಳೆಯ ಪ್ರಕಾಶನದ ಸಂಖ್ಯೆಯನ್ನು ಹೊಸ ಆವೃತ್ತಿಗೆ ಹಾಕುವಂತಿಲ್ಲ. 1954ರ ಪುಸ್ತಕ ಸಲ್ಲಿಕೆ ಕಾಯ್ದೆಯಂತೆ ಪುಸ್ತಕ ಹೊರಬಂದ 30 ದಿನದೊಳಗೆ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೂ ಚೆನ್ನೈ, ಮುಂಬೈ, ದೆಹಲಿಯ ಗ್ರಂಥಾಲಯಗಳಿಗೂ ಒಂದೊಂದು ಪ್ರತಿ ಕಳಿಸಬೇಕು. ಬೇಸರ ಪಡಬೇಡಿ. ನಿಮ್ಮ ಮನೆಯ ಪ್ರತಿ ಗೆದ್ದಲಿಗೆ ಹೋದರೂ ಅಲ್ಲಿ ಉಳಿದಿರುತ್ತದೆ.

ಸಾರ್ವಜನಿಕ ಗ್ರಂಥಾಲಯ ಇಲಾಖೆ ಖರೀದಿಗೆ ಅರ್ಜಿ ಕರೆದಾಗ ನಿಯಮ ಪೂರ್ತಿ ಓದಿ, ಮರುಮುದ್ರಣಕ್ಕೆ ಅವಕಾಶ ಇದೆಯೇ ಅಂತ ಮೊದಲು ನೋಡಿ. ಆ ಖರೀದಿಯನ್ನೇ ನಂಬಿ ಜಾಸ್ತಿ ಪ್ರತಿ ಹಾಕಿಸಬೇಡಿ. ಬಂದರೆ ಲಾಭ ಅಂದುಕೊಳ್ಳಿ.

ಕೊನೆಗೆ ಅಂಚೆ. ಪುಸ್ತಕ ಕಳಿಸಲೆಂದೇ 2025ರ ಮೇ 1ರಿಂದ ಅಂಚೆ ಇಲಾಖೆಯ 'ಜ್ಞಾನ ಪೋಸ್ಟ್' ಶುರುವಾಗಿದೆ. 300 ಗ್ರಾಂವರೆಗೆ 20 ರೂಪಾಯಿ, 5 ಕಿಲೋಗೆ 100, ತೆರಿಗೆ ಬೇರೆ. ನಿಮ್ಮ ಪುಸ್ತಕ ಅದಕ್ಕೆ ಸೇರುತ್ತದೆಯೇ ಅಂತ ಕೌಂಟರಿನಲ್ಲಿ ಮೊದಲು ಕೇಳಿಕೊಳ್ಳಿ. 240 ಪುಟದ ಡೆಮಿ ಕಾದಂಬರಿ ಹೆಚ್ಚುಕಡಿಮೆ 275 ಗ್ರಾಂ ತೂಗುತ್ತದೆ. ದಪ್ಪ ರಟ್ಟು ಹಾಕಿ ಸುತ್ತಿದರೆ 300 ದಾಟಿಬಿಡುತ್ತದೆ. ನಾನು ಮೊದಲ ದಿನ ಹತ್ತು ಪೊಟ್ಟಣ ಬಿಚ್ಚಿ ಮತ್ತೆ ಕಟ್ಟಿದೆ. ತೆಳು ಕಾಗದ ಸುತ್ತಿ, ಅಡುಗೆಮನೆಯ ತಕ್ಕಡಿಯಲ್ಲಿ ಒಂದನ್ನು ತೂಗಿ ನೋಡಿ, ಆಮೇಲೆ ಉಳಿದ ಎಂಬತ್ತೆರಡನ್ನು ಕಟ್ಟಲು ಕೂತೆ. ವಿಳಾಸಗಳನ್ನು ಕೈಯಲ್ಲೇ ಬರೆದೆ. ಕುಮಟಾ, ತೀರ್ಥಹಳ್ಳಿ, ಗದಗ, ಪುಣೆ. ಹೆಸರುಗಳಲ್ಲಿ ಅರ್ಧಕ್ಕರ್ಧ ಆ ಹಳೆಯ ಪತ್ರಗಳ ಕೆಳಗೆ ನೋಡಿದವೇ.